ಕಾಮಗಾರಿಯ ಲೆಕ್ಕ, ನೀರಿನ ಲೆಕ್ಕ

ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಗೆ ಆರು ರಾಜ್ಯಗಳ ಮತ್ತು ರಾಜಧಾನಿ ವಾಷಿಂಗ್ಟನ್‌ನ ಮಳೆನೀರು ಹರಿದು ಬರುತ್ತದೆ. ಸುಮಾರು 1.66 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ, ಅಂದರೆ ಕರ್ನಾಟಕಕ್ಕಿಂತ ತುಸುವೇ ಚಿಕ್ಕದಾದ ಈ ಜಲಾನಯನ ಪ್ರದೇಶದ ಕೊಳೆಯನ್ನೆಲ್ಲ ತಾಳಿಕೊಳ್ಳಬೇಕಾದ ಕೊಲ್ಲಿಯ ಸರಾಸರಿ ಆಳ ಆರೂವರೆ ಮೀಟರಿನಷ್ಟು ಮಾತ್ರ. ಹೊಲಗಳ ಗೊಬ್ಬರ, ದನ ಮತ್ತು ಕೋಳಿ ಸಾಕಣೆಯ ತ್ಯಾಜ್ಯ, ನಗರಗಳ ಕೊಳಚೆ ಇವುಗಳಲ್ಲಿರುವ ಸಾರಜನಕ ಮತ್ತು ರಂಜಕವನ್ನು ಉಂಡು ಪಾಚಿ ವಿಪರೀತವಾಗಿ ಬೆಳೆಯುತ್ತದೆ. ಸತ್ತ ಪಾಚಿ ಕೊಳೆಯುವಾಗ ತಳದ ನೀರಿನ ಆಮ್ಲಜನಕ ತೀರಿಹೋಗಿ, ಏಡಿ, ಮೀನುಗಳು ಬದುಕಲಾರದ ವಲಯವೊಂದು ಪ್ರತಿ ಬೇಸಿಗೆಯಲ್ಲೂ ಉಂಟಾಗುತ್ತದೆ.

ಕೊಲ್ಲಿಯನ್ನು ಉಳಿಸುವ ಮೊದಲ ಒಪ್ಪಂದ 1983ರಲ್ಲಿ ಆಯಿತು. ಸ್ವಯಂಪ್ರೇರಿತ ಒಪ್ಪಂದಗಳು ಗುರಿ ಮುಟ್ಟದಿದ್ದಾಗ, ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆಯು 2010ರಲ್ಲಿ ಕೊಲ್ಲಿ ತಾಳಬಲ್ಲ ಗರಿಷ್ಠ ಮಾಲಿನ್ಯದ ಮಿತಿಯನ್ನು ಗೊತ್ತುಪಡಿಸಿ, ಸಾರಜನಕವನ್ನು ಶೇ 25, ರಂಜಕವನ್ನು ಶೇ 24 ಮತ್ತು ಹೂಳನ್ನು ಶೇ 20ರಷ್ಟು ತಗ್ಗಿಸಲು ಬೇಕಾದ ಕ್ರಮಗಳೆಲ್ಲ 2025ರೊಳಗೆ ಜಾರಿಯಾಗಬೇಕೆಂದು ಗಡುವು ವಿಧಿಸಿತು. ಆ ಗಡುವಿನೊಳಗೂ ಗುರಿ ಈಡೇರಲಿಲ್ಲ.

ವೈಫಲ್ಯ ಎಲ್ಲೆಡೆಯೂ ಒಂದೇ ತೆರನಾಗಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಕೊಳಚೆ ನೀರಿನ ಶುದ್ಧೀಕರಣ ಘಟಕಗಳು ತಮ್ಮ ಪಾಲಿನ ಗುರಿಯನ್ನು ಸುಮಾರು ಹತ್ತು ವರ್ಷ ಮೊದಲೇ ಮುಟ್ಟಿದವು. ಅಲ್ಲಿ ಮಾಲಿನ್ಯ ಒಂದು ಕೊಳವೆಯಿಂದ ಹೊರಬೀಳುವುದರಿಂದ ಅದನ್ನು ಅಳೆಯಬಹುದು, ಮಿತಿ ಮೀರಿದವರನ್ನು ಕಾನೂನಿನ ಮುಂದೆ ನಿಲ್ಲಿಸಬಹುದು. ಹೊಲದಿಂದ ಹರಿಯುವ ನೀರಿಗೆ ಅಂಥ ಒಂದು ಬಾಯಿಯಿಲ್ಲ. ಆದ್ದರಿಂದ ಸುಗ್ಗಿಯ ನಂತರ ಮಣ್ಣಿನಲ್ಲಿ ಉಳಿದ ಸಾರಜನಕವನ್ನು ಹೀರಲೆಂದು ಬೆಳೆಸುವ ಹೊದಿಕೆ ಬೆಳೆ, ಹೊಳೆದಂಡೆಯ ಮರಸಾಲು ಮುಂತಾದ ಕ್ರಮಗಳಿಗೆ ಸಹಾಯಧನ ಕೊಟ್ಟು, ಅವುಗಳ ಎಕರೆವಾರು ಲೆಕ್ಕವನ್ನು ಕಂಪ್ಯೂಟರ್ ಮಾದರಿಗೆ ಉಣಿಸಿ, ಇಷ್ಟು ಮಾಲಿನ್ಯ ಇಳಿದಿರಬೇಕೆಂದು ಅಂದಾಜು ಮಾಡಲಾಗುತ್ತದೆ. ಕೊಲ್ಲಿಯನ್ನು ಉಳಿಸುವ ಈ ಕಾರ್ಯಕ್ರಮದ ವೈಜ್ಞಾನಿಕ ಸಲಹಾ ಸಮಿತಿ 2023ರಲ್ಲಿ ಪ್ರಕಟಿಸಿದ ಸಮಗ್ರ ವರದಿ ಈ ಅಂದಾಜಿಗೂ ನದಿಗಳಲ್ಲಿ ಅಳೆದ ಪ್ರಮಾಣಕ್ಕೂ ನಡುವಿನ ಅಂತರವನ್ನು ಎತ್ತಿ ತೋರಿಸಿತು.

ಅಂತರಕ್ಕೆ ಕಾರಣಗಳು ಹಲವು. ಹೊಳೆ ಸೇರುವ ಸಾರಜನಕದ ಸುಮಾರು ಅರ್ಧ ಭಾಗ ಅಂತರ್ಜಲದ ಮೂಲಕ ಬರುವುದರಿಂದ, ಮತ್ತು ಆ ನೀರು ಹೊಳೆ ಮುಟ್ಟಲು ಕೆಲವೆಡೆ ದಶಕಗಳೇ ಬೇಕಾಗುವುದರಿಂದ, ಇಂದಿನ ಕ್ರಮದ ಫಲ ಇಂದೇ ಕಾಣದು. ಕೊಲ್ಲಿಗೆ ಬರುವ ಸಿಹಿನೀರಿನ ಸುಮಾರು ಅರ್ಧವನ್ನು ತರುವ ಸಸ್ಕ್ವೆಹಾನಾ ನದಿಗೆ 1928ರಲ್ಲಿ ಕಟ್ಟಿದ ಕಾನೊವಿಂಗೊ ಅಣೆಕಟ್ಟೆಯ ಹಿಂಭಾಗ ಹೂಳಿನಿಂದ ತುಂಬಿಹೋಗಿ, ಹಿಂದೆ ಅಲ್ಲಿಯೇ ತಡೆದು ನಿಲ್ಲುತ್ತಿದ್ದ ರಂಜಕ ಈಗ ಕೆಳಗೆ ಸಾಗುತ್ತಿದೆ. ಎಲ್ಲಕ್ಕಿಂತ ಗಂಭೀರವಾದದ್ದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಂಥ ದಟ್ಟ ಪಶುಪಾಲನೆಯ ಪ್ರದೇಶಗಳ ಸ್ಥಿತಿ: ಹೊರಗಿನಿಂದ ಮೇವಿನ ರೂಪದಲ್ಲಿ ಬರುವ ಪೋಷಕಾಂಶ ಹಾಲು, ಮಾಂಸ, ಮೊಟ್ಟೆಗಳಾಗಿ ಹೊರಹೋಗುವುದಕ್ಕಿಂತ ಹೆಚ್ಚಾಗಿರುವಾಗ, ಉಳಿದ ಗೊಬ್ಬರ ಅಲ್ಲಿಯ ಮಣ್ಣಿನಲ್ಲೇ ಶೇಖರವಾಗುತ್ತದೆ, ಹೊಳೆದಂಡೆಯ ಮರಸಾಲು ಈ ಅಸಮತೋಲವನ್ನು ಸರಿಪಡಿಸಲಾರದು.

ಹಾಗಾದರೆ ಯಾವ ಕ್ರಮ ಫಲ ಕೊಟ್ಟಿತೆಂದು ತಿಳಿಯುವುದು ಹೇಗೆ? ಮಳೆ ಹೆಚ್ಚಾದ ವರ್ಷ ಮಾಲಿನ್ಯ ತಾನಾಗಿ ಏರುತ್ತದೆ, ಬರದ ವರ್ಷ ಇಳಿಯುತ್ತದೆ. ಆದ್ದರಿಂದ ಹರಿವಿನ ಏರಿಳಿತವನ್ನು ಸಂಖ್ಯಾಶಾಸ್ತ್ರದ ವಿಧಾನದಿಂದ ಬೇರ್ಪಡಿಸದೆ ಯಾವ ವರ್ಷದ ಅಂಕಿಯನ್ನೂ ಸಾಧನೆಯೆಂದು ಸಾರುವಂತಿಲ್ಲ. ರಂಜಕ ಮತ್ತು ಹೂಳಿನ ಬಹುಪಾಲು ಕೆಲವೇ ಬಿರುಮಳೆಗಳಲ್ಲಿ ಸಾಗುವುದರಿಂದ, ಮಳೆ ಸುರಿಯುತ್ತಿರುವಾಗಲೇ ನೀರಿನ ಮಾದರಿ ಸಂಗ್ರಹಿಸಬೇಕಾಗುತ್ತದೆ. ದೊಡ್ಡ ನದಿಯ ಮುಖದಲ್ಲಿ ಸಾವಿರಾರು ಕಾರಣಗಳು ಬೆರೆತುಹೋಗುತ್ತವೆ. ಹಾಗಾಗಿ ಮಣ್ಣು, ಇಳಿಜಾರು, ಬೇಸಾಯ ಒಂದೇ ಬಗೆಯದಾದ ಎರಡು ಕಿರು ಜಲಾನಯನಗಳನ್ನು ಆಯ್ದು, ಮೊದಲು ಎರಡನ್ನೂ ಕೆಲವು ವರ್ಷ ಅಳೆದು, ಬಳಿಕ ಒಂದರಲ್ಲಿ ಮಾತ್ರ ಕ್ರಮ ಕೈಗೊಂಡು ಹೋಲಿಸುವ ಜೋಡಿ ಜಲಾನಯನ ವಿಧಾನವೇ ಹೆಚ್ಚು ನಂಬಬಹುದಾದ ಉತ್ತರ ಕೊಡುತ್ತದೆ. ಇದು ನಿಧಾನದ, ಖರ್ಚಿನ ಕೆಲಸ ನಿಜ, ಆದರೆ ಫಲ ತಿಳಿಯದೆ ಸಹಾಯಧನ ಹಂಚುತ್ತ ಹೋಗುವುದು ಅದಕ್ಕಿಂತ ದುಬಾರಿ.

ಎಷ್ಟು ಎಕರೆಗೆ ಹಣ ಸಂದಿತು ಎಂಬ ವರದಿಯ ಜೊತೆಗೆ, ಪ್ರತಿ ಯೋಜನೆಯ ಮೊತ್ತದಲ್ಲಿ ಒಂದು ಪಾಲನ್ನು ಕಾಮಗಾರಿಗೆ ಮೊದಲೂ ಆಮೇಲೂ ನೀರನ್ನು ಅಳೆಯಲು ಕಡ್ಡಾಯವಾಗಿ ಮೀಸಲಿಡಬೇಕು, ಉಳಿದ ಹಣವನ್ನು ಗೊಬ್ಬರ ಮಿಗುತ್ತಿರುವ ಪ್ರದೇಶಗಳಿಗೆ ಮೊದಲು ಹರಿಸಬೇಕು, ಮತ್ತು ಅಳತೆಯಲ್ಲಿ ಫಲ ಕಾಣದ ಕ್ರಮಗಳಿಗೆ ನೆರವು ನಿಲ್ಲಿಸುವ ಧೈರ್ಯವನ್ನು ಆರೂ ರಾಜ್ಯ ಸರ್ಕಾರಗಳು ತೋರಬೇಕು.