ಹೆಸರು ಕೆಟ್ಟ ಶಿಶುವಿಹಾರ: ಬೋರ್ಡು ಬದಲಿಸಿದರೆ ಸಾಕೆ?



‘ಹೊಸ ಆಡಳಿತದಲ್ಲಿ!’ ಈ ಎರಡು ಪದಗಳನ್ನು ನಾನು ಎಷ್ಟು ಕರಪತ್ರಗಳ ಮೇಲೆ ಅಚ್ಚು ಹಾಕಿದ್ದೇನೋ ಲೆಕ್ಕವಿಲ್ಲ. ಹೋಟೆಲಿಗೆ, ಟೈಲರಿಂಗ್ ಅಂಗಡಿಗೆ, ಟ್ಯುಟೋರಿಯಲ್ಲಿಗೆ. ಈಚೀಚೆಗೆ ಬೇಬಿ ಸಿಟ್ಟಿಂಗು, ಪ್ಲೇಹೋಮುಗಳಿಗೆ. ಹೋಟೆಲಿನ ಮೇಲೆ ಈ ಮಾತು ಬಿದ್ದರೆ ಯಾರಿಗೂ ದೊಡ್ಡ ನಷ್ಟವಿಲ್ಲ. ಸಾಂಬಾರು ಚೆನ್ನಾಗಿಲ್ಲದಿದ್ದರೆ ಗಿರಾಕಿ ಎದ್ದು ಹೋಗುತ್ತಾನೆ. ಆದರೆ ಎರಡು ವರ್ಷದ ಕೂಸು ಎದ್ದು ಹೋಗಲಾರದು. ತನಗೆ ಏನಾಯಿತೆಂದು ಹೇಳಲೂ ಅದಕ್ಕೆ ಬಾರದು. ಆದ್ದರಿಂದ ಈ ಮಾತನ್ನು ಅಲ್ಲಿ ಅಚ್ಚು ಹಾಕಿಸುವ ಮುನ್ನ ನಾಲ್ಕು ಸಲ ಯೋಚಿಸಬೇಕು.

ನಿಮ್ಮಲ್ಲಿ ಹಲವರು ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಬೇಸತ್ತು ಸ್ವಂತ ಕಸುಬಿನ ಯೋಚನೆ ಮಾಡುತ್ತಿದ್ದೀರಿ. ಒಳ್ಳೆಯದೇ. ಬೆಂಗಳೂರಿನಲ್ಲಿ ಶಿಶುವಿಹಾರಕ್ಕೆ ಬೇಡಿಕೆಯೂ ಇದೆ. ಪೀಣ್ಯದಿಂದ ಬೊಮ್ಮನಹಳ್ಳಿಯವರೆಗೆ ಬೆಳಗ್ಗೆ ಎಂಟಕ್ಕೇ ಮನೆ ಬಿಡುವ ತಾಯಂದಿರು ಎಷ್ಟು ಮಂದಿ! ಅಜ್ಜಿ ಊರಲ್ಲಿ, ಅತ್ತೆಗೆ ಮಂಡಿನೋವು, ಪಕ್ಕದ ಮನೆಯವರ ಪರಿಚಯವೇ ಇಲ್ಲ. ಮಗುವನ್ನು ಯಾರ ಕೈಲಿ ಬಿಡಬೇಕು? ಇಂಥ ಹೊತ್ತಿನಲ್ಲಿ ಹೆಸರು ಕೆಟ್ಟ ಒಂದು ಪ್ಲೇಹೋಮು ಅಗ್ಗಕ್ಕೆ ಮಾರಾಟಕ್ಕೆ ಬರುತ್ತದೆ. ಆಟದ ಸಾಮಾನು ಇದೆ, ಬಣ್ಣ ಬಳಿದ ಗೋಡೆ ಇದೆ, ಬಾಡಿಗೆ ಕರಾರು ಇದೆ. ‘ಬೋರ್ಡು ಬದಲಿಸಿಬಿಟ್ಟರೆ ಆಯಿತು’ ಎನ್ನುತ್ತಾನೆ ದಲ್ಲಾಳಿ.

ಆಗುವುದಿಲ್ಲ ಗೆಳೆಯರೇ! ಹಾಗೆಂದು ಕೊಳ್ಳಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಕೊಳ್ಳುವ ರೀತಿ ಬೇರೆ ಇದೆ, ನಡೆಸುವ ರೀತಿ ಬೇರೆ ಇದೆ.

ಮುಚ್ಚಿದರೆ ಯಾರಿಗೆ ಪೆಟ್ಟು?

‘ಕೆಟ್ಟ ಹೆಸರಿನದು ಮುಚ್ಚಿಹೋಗಲಿ ಬಿಡಿ’ ಎನ್ನುವುದು ಸುಲಭ. ಆದರೆ ಒಂದು ಶಿಶುವಿಹಾರ ಮುಚ್ಚಿದ ಮರುದಿನ ಕೆಲಸ ಬಿಡುವುದು ತಂದೆಯಲ್ಲ, ತಾಯಿ. ಕಾನೂನು ಇದೆಯಲ್ಲ ಎನ್ನುತ್ತೀರಾ? ಇದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ, 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಲು ಬಿಡಬೇಕು ಎಂದಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಆ 50ರ ಲೆಕ್ಕವನ್ನೇ ಉಳಿಸಿಕೊಂಡಿದೆ. ಆದರೆ ಹನ್ನೆರಡು ಜನರ ಅಂಗಡಿಯಲ್ಲಿ ಬಿಲ್ ಬರೆಯುವ ಹೆಣ್ಣುಮಗಳಿಗೆ? ನಾಲ್ಕು ಮನೆ ಪಾತ್ರೆ ತೊಳೆಯುವವಳಿಗೆ? ಹಳ್ಳಿಗಳಿಗಾಗಿ ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ 4000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿತು. ಅಂಗನವಾಡಿಯಂತೂ ನಮ್ಮ ರಾಜ್ಯದಲ್ಲಿ 1975ರ ಅಕ್ಟೋಬರ್ 2ರಂದೇ ಟಿ. ನರಸೀಪುರದಲ್ಲಿ ಶುರುವಾದದ್ದು. ಆದರೆ ನಗರದ ಬಡಾವಣೆಯಲ್ಲಿ ಸಂಜೆ ಏಳರವರೆಗೆ ಮಗುವನ್ನು ನೋಡಿಕೊಳ್ಳುವ ಜಾಗ ಬೇಕೆಂದರೆ ಹೆಚ್ಚಿನವರಿಗೆ ಗತಿ ಖಾಸಗಿ ಮನೆಯೇ. ಆದ್ದರಿಂದ ಕೆಟ್ಟದ್ದನ್ನು ಸರಿಮಾಡಿ ನಡೆಸುವವರು ಬೇಕು. ಪ್ರಶ್ನೆ ಇಷ್ಟೇ: ನೀವು ಸರಿಮಾಡುವವರೋ, ಸುಣ್ಣ ಬಳಿಯುವವರೋ?

ಎರಡು ಬಗೆಯ ಕೆಟ್ಟ ಹೆಸರು

ಮೊದಲು ಹೆಸರು ಕೆಟ್ಟದ್ದು ಹೇಗೆ ಎಂದು ತಿಳಿಯಿರಿ. ಒಂದು, ಅಸಡ್ಡೆಯಿಂದ ಕೆಟ್ಟದ್ದು: ಪಾಯಿಖಾನೆ ಗಲೀಜು, ಹಾಲು ನೀರು, ತಿಂಗಳಿಗೊಬ್ಬ ಆಯಾ, ಫೀಸು ವಾಪಸು ಕೊಡದ ಜಗಳ. ಇದು ದುಡಿಮೆಯಿಂದ ಸರಿಹೋಗುತ್ತದೆ. ಇನ್ನೊಂದು, ಮಗುವಿನ ಮೈಮೇಲೆ ಕೈಯಾಡಿಸಿ, ಅದನ್ನು ಮುಚ್ಚಿಹಾಕಿ ಕೆಟ್ಟದ್ದು. ಅಂಥ ಜಾಗದಲ್ಲಿ ಹಳೆಯ ಮಾಲೀಕನೋ ಅವನ ಕಡೆಯವರೋ ಇನ್ನೂ ಪಾಲು ಇಟ್ಟುಕೊಂಡಿದ್ದರೆ ಬಿಟ್ಟಿಯಾಗಿ ಕೊಟ್ಟರೂ ಮುಟ್ಟಬೇಡಿ!

ಕಾನೂನು ಏನು ಹೇಳುತ್ತದೆ ನೋಡಿ. ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 75ರ ಪ್ರಕಾರ, ಮಕ್ಕಳ ಪಾಲನೆಯ ಹೊಣೆ ಹೊತ್ತ ಸಂಸ್ಥೆಯನ್ನು ನಡೆಸುವವರೋ ಅಲ್ಲಿ ಕೆಲಸ ಮಾಡುವವರೋ ಮಗುವಿಗೆ ಕ್ರೌರ್ಯವೆಸಗಿದರೆ 5 ವರ್ಷದವರೆಗೆ ಕಠಿಣ ಸಜೆ, 5 ಲಕ್ಷ ರೂಪಾಯಿವರೆಗೆ ದಂಡ. ಪೋಕ್ಸೋ ಕಾಯ್ದೆ 2012ರ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಕೈಕೆಳಗಿನವನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ 1 ವರ್ಷದವರೆಗೆ ಜೈಲು. 2014ರ ಜುಲೈನಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಪುಟ್ಟ ಹುಡುಗಿಯ ಮೇಲೆ ಅತ್ಯಾಚಾರವಾದಾಗ ತಂದೆತಾಯಂದಿರು ಬೀದಿಗೆ ಇಳಿದದ್ದು ನಿಮಗೂ ನೆನಪಿರಬೇಕು. ನಡೆದ ಕೃತ್ಯಕ್ಕೆ ಎಷ್ಟು ಸಿಟ್ಟಿತ್ತೋ, ಸಂಸ್ಥೆಯವರು ಬಾಯಿ ಬಿಡುತ್ತಿಲ್ಲ ಎಂಬುದಕ್ಕೂ ಅಷ್ಟೇ ಸಿಟ್ಟಿತ್ತು.

ಹಾಗಾದರೆ ಯಾವ ಬಗೆಯದು ಎಂದು ತಿಳಿಯುವುದು ಹೇಗೆ? ಮಾಲೀಕನನ್ನು ಕೇಳಿದರೆ ‘ಆಗದವರು ಹಬ್ಬಿಸಿದ್ದು’ ಎನ್ನುತ್ತಾನೆ. ನೀವು ಮೂವರನ್ನು ಕೇಳಿ. ಕೆಲಸ ಬಿಟ್ಟುಹೋದ ಆಯಾಳನ್ನು ಕೇಳಿ. ಮಕ್ಕಳನ್ನು ಕರೆದೊಯ್ಯುವ ಆಟೋದವರನ್ನು ಕೇಳಿ. ಮಗುವನ್ನು ಬಿಡಿಸಿಕೊಂಡು ಹೋದ ತಾಯಿಯನ್ನು ಕೇಳಿ. ಮೂವರೂ ಒಂದೇ ಮಾತು ಹೇಳಿದರೆ ಅದು ನಿಜ. ಆಮೇಲೆ ಠಾಣೆಯಲ್ಲಿ ದೂರು, ಎಫ್‌ಐಆರ್ ಏನಾದರೂ ಇದೆಯೇ ಎಂದು ವಕೀಲರ ಮೂಲಕ ವಿಚಾರಿಸಿ.

ಕಾಗದಪತ್ರದ ಮಾತು

ನಮ್ಮ ಹುಡುಗರು ಸೋಲುವುದು ಇಲ್ಲೇ. ಮಾತಿನ ಮೇಲೆ ವ್ಯವಹಾರ, ಸ್ನೇಹದ ಮೇಲೆ ಮುಂಗಡ! ಶಿಶುವಿಹಾರ ಕೊಳ್ಳುವಾಗ ನಾಲ್ಕು ಲೆಕ್ಕ ಬರೆಸಿಕೊಳ್ಳಿ. ಕಟ್ಟಡದ ಬಾಡಿಗೆ ಮುಂಗಡ ಯಾರ ಹೆಸರಲ್ಲಿದೆ? ಈ ಊರಿನಲ್ಲಿ ಹತ್ತು ತಿಂಗಳ ಮುಂಗಡ ಕೇಳುವ ರೂಢಿಯಿದೆ, ಸಣ್ಣ ಮೊತ್ತವಲ್ಲ. ತಂದೆತಾಯಂದಿರು ಕಟ್ಟಿದ ಡಿಪಾಜಿಟ್ಟು ಎಷ್ಟು, ಅದು ಎಲ್ಲಿ ಹೋಯಿತು? ಆಯಾಗಳಿಗೆ ಎಷ್ಟು ತಿಂಗಳ ಸಂಬಳ ಬಾಕಿ? ಮುಂದಿನ ವರ್ಷದ ಫೀಸನ್ನು ಈಗಲೇ ಎತ್ತಿಕೊಂಡು ಖರ್ಚು ಮಾಡಿದ್ದಾರೆಯೇ? ಈ ನಾಲ್ಕನ್ನು ಕೊಳ್ಳುವ ಬೆಲೆಯಲ್ಲಿ ಕಳೆಯಿರಿ. ಕಳೆಯಲು ಒಪ್ಪದವನು ಸಾಲವನ್ನು ನಿಮ್ಮ ತಲೆಗೆ ಕಟ್ಟುತ್ತಿದ್ದಾನೆಂದೇ ಅರ್ಥ.

ಇನ್ನೊಂದು ಮುಖ್ಯ ಮಾತು. ಹಣ ಎಣಿಸಿಕೊಂಡ ಹಳೆಯ ಮಾಲೀಕ ಮುಂದಿನ ಬೀದಿಯಲ್ಲಿ ಬೇರೆ ಹೆಸರಿನಲ್ಲಿ ಅಂಗಡಿ ತೆರೆದರೆ? ವ್ಯಾಪಾರ ಮಾಡಬೇಡ ಎಂದು ಯಾರನ್ನೂ ಕರಾರಿನಿಂದ ಕಟ್ಟುವಂತಿಲ್ಲ ಎನ್ನುತ್ತದೆ 1872ರ ಕರಾರು ಕಾಯ್ದೆಯ ಸೆಕ್ಷನ್ 27. ಆದರೆ ಅದೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿ ಇದೆ. ವ್ಯಾಪಾರದ ಗುಡ್‌ವಿಲ್ ಮಾರಿದವನು, ಇಂತಿಷ್ಟು ಪ್ರದೇಶದೊಳಗೆ ಅದೇ ಬಗೆಯ ವ್ಯಾಪಾರ ನಡೆಸುವುದಿಲ್ಲ ಎಂದು ಒಪ್ಪಿಕೊಡಬಹುದು. ಆ ಮಿತಿ ನ್ಯಾಯವಾಗಿರಬೇಕು ಅಷ್ಟೇ. ಅದನ್ನು ಬರೆಸಿಕೊಳ್ಳಿ. ಬರೆಸದಿದ್ದರೆ ಅವನ ಕೆಟ್ಟ ಹೆಸರು ನಿಮಗೆ, ಉಳಿದ ಗಿರಾಕಿಗಳು ಅವನಿಗೆ!

ಹೆಸರು ಬದಲಿಸಬೇಕೆ?

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ವ್ಯವಹಾರ ಕುದುರಿದ ಮಾರನೆಯ ದಿನವೇ ಜನ ಪ್ರೆಸ್ಸಿಗೆ ಬರುತ್ತಾರೆ. ಹೊಸ ಹೆಸರು, ಹೊಸ ಲಾಂಛನ, ಚಿಟ್ಟೆ, ಸೂರ್ಯಕಾಂತಿ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ! ಒಳಗೆ ಅದೇ ಹರಿದ ಚಾಪೆ, ಅದೇ ಒಬ್ಬಳೇ ಆಯಾ.

ನಮ್ಮ ಕಡೆಯ ಒಂದು ಶಿಶುವಿಹಾರದ ವಿಷಯ ಹೇಳುತ್ತೇನೆ, ಹೆಸರು ಬೇಡ. ಒಂದು ಸಂಜೆ ಮೂರು ವರ್ಷದ ಹುಡುಗ ತೆರೆದ ಗೇಟಿನಿಂದ ಹೊರಬಂದು ಎರಡು ಬೀದಿ ದಾಟಿ ಮುಖ್ಯರಸ್ತೆ ಸೇರಿದ. ಹೂ ಮಾರುವಾಕೆ ಹಿಡಿದು ಕೂರಿಸಿಕೊಂಡದ್ದರಿಂದ ಉಳಿದ. ಮಾಲೀಕರು ತಾಯಿಗೆ ಹೇಳಿದ್ದೇನು? ‘ಮಗು ಒಳಗೇ ಇತ್ತು’ ಎಂದು! ಅಷ್ಟೇ ಸಾಕಾಯಿತು. ನಲವತ್ತು ಮಕ್ಕಳಿದ್ದ ಜಾಗದಲ್ಲಿ ಹನ್ನೊಂದು ಉಳಿದವು. ಮೊದಲು ಕೊಂಡವರು ಹೆಸರು ಬದಲಿಸಿದರು. ಎರಡು ಸಲ ಬದಲಿಸಿದರು. ಪ್ರತಿ ಸಲವೂ ವಾರದೊಳಗೆ ತರಕಾರಿ ಗಾಡಿಯವಳು ಹೊಸ ತಾಯಂದಿರಿಗೆ ಹೇಳುತ್ತಿದ್ದಳು: ‘ಅಯ್ಯೋ, ಅದೇ ಕಣಮ್ಮ ಇದು.’ ಮೊದಲಿದ್ದದ್ದು ಅಸಡ್ಡೆಯ ಹೆಸರು. ಈಗ ಸುಳ್ಳಿನ ಹೆಸರೂ ಅಂಟಿತು.

ಆಮೇಲೆ ಅದನ್ನು ವಹಿಸಿಕೊಂಡವರು ಟೀಚರ್ ಕೆಲಸ ಮಾಡಿ ಅನುಭವವಿದ್ದ ಒಬ್ಬ ಹೆಣ್ಣುಮಗಳು ಮತ್ತು ಆಕೆಯ ತಮ್ಮ. ಆಕೆ ಮೊದಲಿನ ಹೆಸರನ್ನೇ ಮತ್ತೆ ಹಾಕಿಸಿದರು. ಕರಪತ್ರದ ಬದಲು ಒಂದು ಪುಟದ ಪತ್ರ ಅಚ್ಚು ಹಾಕಿಸಿದರು. ಅಂದು ಗೇಟು ತೆರೆದಿತ್ತು, ಮಗು ಹೊರಗೆ ಹೋಗಿತ್ತು, ಅಂದಿನವರು ಸುಳ್ಳು ಹೇಳಿದರು, ಇಂದು ಗೇಟಿಗೆ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಚಿಲಕವಿದೆ, ಬಾಗಿಲ ಬಳಿ ರಿಜಿಸ್ಟರಿದೆ, ಯಾವ ಹೊತ್ತಿನಲ್ಲಾದರೂ ಬಂದು ನೋಡಿ ಎಂದು. ಬಿಟ್ಟುಹೋದ ತಾಯಂದಿರ ಮನೆಗೂ ಹೋಗಿ ಕೈಯಲ್ಲೇ ಕೊಟ್ಟರು. ಮೊದಲ ಮೂರು ತಿಂಗಳು ಬಂದದ್ದು ಒಂಬತ್ತೇ ಮಕ್ಕಳು. ಎರಡು ವರ್ಷದಲ್ಲಿ ಜಾಗ ಸಾಲದಾಯಿತು. ಈಗ ತರಕಾರಿ ಗಾಡಿಯವಳ ಮೊಮ್ಮಗಳೂ ಅಲ್ಲೇ ಇದ್ದಾಳೆ.

‘ಹಳೆಯ ಪಾಪ ನಾವೇಕೆ ಹೊರಬೇಕು?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಾಪ ನಿಮ್ಮದಲ್ಲ, ಆದರೆ ಕಟ್ಟಡ ಅದೇ, ಗೇಟು ಅದೇ, ಆಯಾ ಅವಳೇ. ತಾಯಿ ಕೇಳುವ ಪ್ರಶ್ನೆಯೂ ಒಂದೇ: ‘ಇಲ್ಲಿ ಅವತ್ತು ಏನಾಯಿತು?’ ಅದಕ್ಕೆ ಉತ್ತರ ಕೊಡುವವರನ್ನು ಮಾತ್ರ ಆಕೆ ನಂಬುತ್ತಾಳೆ. ಹೆಸರು ಬದಲಿಸಲೇಬೇಕಾದ ಸಂದರ್ಭವೂ ಇರುತ್ತದೆ, ಒಪ್ಪುತ್ತೇನೆ. ಹಳೆಯ ಹೆಸರು ಕೇಳಿದರೇ ಯಾವುದೋ ಮಗುವಿನ ನೋವು ಮರುಕಳಿಸುವಂತಿದ್ದರೆ ಬದಲಿಸಿ. ಆದರೆ ಹಿಂದೆ ಏನಿತ್ತು, ಈಗ ಯಾರು ಎಂಬುದನ್ನು ಸೇರಲು ಬಂದ ಪ್ರತಿ ತಾಯಿತಂದೆಗೂ ನೀವಾಗಿಯೇ ಹೇಳಿ.

ಸರಿಮಾಡುವುದು ಎಲ್ಲಿಂದ?

ಆಯಾಳಿಂದ. ಸಿಸಿ ಕ್ಯಾಮೆರಾ ಹಾಕಿ, ಬೇಡವೆನ್ನುವುದಿಲ್ಲ. ಆದರೆ ಕ್ಯಾಮೆರಾ ಮಗುವಿನ ಮೂಗು ಒರೆಸುವುದಿಲ್ಲ. ಕಡಿಮೆ ಸಂಬಳಕ್ಕೆ ಹತ್ತು ಗಂಟೆ ದುಡಿದು, ಹದಿನೆಂಟು ಮಕ್ಕಳ ನಡುವೆ ಒಬ್ಬಳೇ ನಿಂತ ಹೆಂಗಸು ಸಿಟ್ಟಾದರೆ ಯಾರ ತಪ್ಪು? ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು, ಅದಕ್ಕೂ ದೊಡ್ಡವರಾದರೆ 20 ಮಕ್ಕಳಿಗೆ ಒಬ್ಬರು, ಜೊತೆಗೊಬ್ಬ ಸಹಾಯಕಿ ಎನ್ನುತ್ತದೆ ಕೆಲಸದ ಸ್ಥಳಗಳ ಶಿಶುಪಾಲನಾ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಕೊಟ್ಟ ಮಾರ್ಗಸೂಚಿ. ನನ್ನ ಕೇಳಿದರೆ ಕೂಸುಗಳ ವಿಷಯದಲ್ಲಿ ಅದೂ ಕಡಿಮೆಯೇ. ಫೀಸು ನೂರು ರೂಪಾಯಿ ಹೆಚ್ಚಾದರೂ ಸರಿ, ಆಯಾಳ ಸಂಬಳ ತಿಂಗಳ ಮೊದಲ ವಾರ ಕೈಗೆ ಬೀಳಲಿ. ಕೆಲಸಕ್ಕೆ ಸೇರುವ ಪ್ರತಿಯೊಬ್ಬರ ಪೊಲೀಸ್ ಪರಿಶೀಲನೆ ಮಾಡಿಸಿ, ಅಡುಗೆಯವನಿಂದ ಡ್ರೈವರ್‌ವರೆಗೆ. ಯಾವ ದೊಡ್ಡವರೂ ಒಂದು ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಕೂಡದೆಂಬ ನಿಯಮ ಮಾಡಿ, ಮೊದಲು ನೀವು ಪಾಲಿಸಿ. ಬಿದ್ದ ಗಾಯ, ಬಂದ ಜ್ವರ, ಕೊಟ್ಟ ಔಷಧ, ಕರೆದೊಯ್ದವರ ಸಹಿ, ಎಲ್ಲವೂ ಪುಸ್ತಕದಲ್ಲಿರಲಿ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿರಲಿ. ಸಂಜೆ ತಾಯಿ ಬಂದಾಗ ‘ಮಗು ಇವತ್ತು ಬಿತ್ತು, ಮೊಣಕಾಲು ತರಚಿದೆ’ ಎಂದು ಆಕೆ ಕೇಳುವ ಮೊದಲೇ ಹೇಳಿ. ಸಣ್ಣ ಗಾಯದ ಬಗ್ಗೆ ನಿಜ ಹೇಳುವವರನ್ನು ದೊಡ್ಡ ವಿಷಯದಲ್ಲಿ ಜನ ನಂಬುತ್ತಾರೆ.

ಭಾಷೆಯ ಮಾತನ್ನೂ ಆಡಬೇಕು. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾನೂನಾಯಿತು, ನಾವೆಲ್ಲ ಸಂತೋಷಪಟ್ಟೆವು. ಆದರೆ ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದವಳ ಕೂಸು ‘ಹೊಟ್ಟೆ ನೋವು’ ಎಂದು ಅತ್ತಾಗ ಒಳಗೆ ಅರ್ಥವಾಗುವವರು ಇದ್ದಾರೆಯೇ? ಬಂಗಾಳಿ, ತಮಿಳು ಕೂಸು ಅತ್ತಾಗಲೂ ಇದೇ ಪ್ರಶ್ನೆ. ಮಗುವಿನ ಮನೆಮಾತಿನ ಹತ್ತು ಪದ ಕಲಿತ ಆಯಾ, ಇಂಗ್ಲಿಷ್ ರೈಮ್ಸ್ ಹೇಳಿಕೊಡುವ ಹತ್ತು ಮಿಸ್ಸುಗಳಿಗಿಂತ ಮೇಲು.

ಕೊಳ್ಳದ ನಿಮಗೂ ಒಂದು ಮಾತು

ಎಲ್ಲರೂ ಶಿಶುವಿಹಾರ ಕೊಳ್ಳುವುದಿಲ್ಲ. ಆದರೆ ಎಲ್ಲರ ಮೊಬೈಲಿನಲ್ಲೂ ವಾಟ್ಸಾಪ್ ಇದೆ. ‘ಆ ಪ್ಲೇಹೋಮಿಗೆ ಕಳಿಸಬೇಡಿ’ ಎಂಬ ಒಂದು ಸಂದೇಶ ಹಬ್ಬಲು ಒಂದು ಗಂಟೆ ಸಾಕು. ನಿಜವಾದ ಅಪಾಯ ಕಂಡರೆ ಗ್ರೂಪಿನಲ್ಲಿ ಹಾಕಿ ಸುಮ್ಮನಾಗಬೇಡಿ. 1098ಕ್ಕೆ ಹೇಳಿ, ಠಾಣೆಗೆ ಹೋಗಿ. ಯಾರೋ ಹೇಳಿದ್ದನ್ನು ಕೇಳಿದ್ದಾದರೆ ಹಬ್ಬಿಸಬೇಡಿ, ಹೋಗಿ ನೋಡಿ. ಹಿಂದೆ ತಪ್ಪಾಗಿದ್ದ ಜಾಗವನ್ನು ಹೊಸಬರು ಪ್ರಾಮಾಣಿಕವಾಗಿ ನಡೆಸುತ್ತಿದ್ದರೆ ಅದನ್ನೂ ನಾಲ್ಕು ಜನಕ್ಕೆ ಹೇಳಿ. ಹೆಸರು ಕೆಡಿಸಲು ಇರುವ ಉತ್ಸಾಹ ಹೆಸರು ಉಳಿಸಲೂ ಇರಬೇಡವೇ?

ಕರಪತ್ರದ ಅಡಿಯಲ್ಲಿ ಮುದ್ರಕರ ಹೆಸರು ಹಾಕುವುದು ನಮ್ಮ ಕಸುಬಿನ ಹಳೆಯ ರೀತಿ. ಮೇಲೆ ಯಾರು ಏನೇ ಬರೆಸಲಿ, ಕೆಳಗಿನ ಸಾಲು ‘ಇದಕ್ಕೆ ನಾನು ಹೊಣೆ’ ಎನ್ನುತ್ತದೆ. ಶಿಶುವಿಹಾರ ವಹಿಸಿಕೊಳ್ಳುವ ಗೆಳೆಯರೇ, ಮೇಲಿನ ಬೋರ್ಡಿನಲ್ಲಿ ಯಾವ ಹೆಸರಾದರೂ ಇರಲಿ. ಬಾಗಿಲ ಬಳಿ, ತಾಯಿ ನಿಂತು ಓದುವ ಎತ್ತರದಲ್ಲಿ, ನಿಮ್ಮ ಸ್ವಂತ ಹೆಸರು ಮತ್ತು ಫೋನ್ ನಂಬರ್ ಬರೆಸಿ. ಹಾಗೆ ಬರೆಸಲು ಕೈ ನಡುಗದಿದ್ದರೆ ಮುಂಗಡ ಕೊಡಿ. ನಡುಗಿದರೆ ಬೇರೆ ವ್ಯಾಪಾರ ನೋಡಿಕೊಳ್ಳಿ.