ಆಟದ ರೈಲು ಓಡಲಿ ಬಿಡಿ

ದೊಡ್ಡಬಳ್ಳಾಪುರದ ಹತ್ತಿರದ ಒಂದು ಹಳ್ಳಿಯ ಮನೆಗೆ ಹೋಗಿದ್ದೆವು. ಟಿ.ವಿ. ಪಕ್ಕದ ಗಾಜಿನ ಬೀರುವಿನಲ್ಲಿ ಒಂದು ಆಟದ ರೈಲು. ಎಂಜಿನ್, ಬೋಗಿ, ಹಳಿ ಎಲ್ಲವೂ ಪೆಟ್ಟಿಗೆಯಲ್ಲೇ ಇವೆ. ಮೇಲಿನ ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ. ಹೊರದೇಶದಲ್ಲಿರುವ ನೆಂಟರು ತಂದುಕೊಟ್ಟು ಆರು ವರ್ಷ ಆಯಿತಂತೆ. ಮನೆಯ ಹುಡುಗ ಗಾಜಿಗೆ ಮೂಗು ಒತ್ತಿ ನಿಂತಿದ್ದ. 'ಮುಟ್ಟಬೇಡ ಕಣೋ, ಮುಂದೆ ಅದಕ್ಕೆ ಲಕ್ಷ ಬರುತ್ತೆ' ಅಂದರು ತಾತ. ಯಾರು ಹೇಳಿದ್ದು ಅಂತ ಕೇಳಿದರೆ ಫೋನ್ ತೆಗೆದು ಒಂದು ವಿಡಿಯೊ ತೋರಿಸಿದರು.

ತಾತನನ್ನು ನೋಡಿ ನಗುವ ಹಾಗಿಲ್ಲ. ನಮ್ಮ ಸೀಮೆಯವರಿಗೆ ಹೀಗೆ ಅನ್ನಿಸುವುದಕ್ಕೆ ಕಾರಣ ಇದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಅದಕ್ಕೆ ಮುಂಚೆ ಜಮೀನು ಮಾರಿದವರು ಇವತ್ತಿಗೂ ಕೈ ಹಿಸುಕಿಕೊಳ್ಳುತ್ತಾರೆ, ಇಟ್ಟುಕೊಂಡವರು ಮನೆ ಕಟ್ಟಿದರು. ಇದನ್ನು ಕಣ್ಣಾರೆ ಕಂಡವರಿಗೆ ಯಾವುದನ್ನೇ ಆಗಲಿ ಇಟ್ಟುಕೊಂಡರೆ ಬೆಲೆ ಏರುತ್ತದೆ ಅನ್ನಿಸುವುದು ಸಹಜ. ಆದರೆ ಭೂಮಿಯನ್ನು ಯಾರೂ ಹೊಸದಾಗಿ ಮಾಡಲಾರರು. ಆಟದ ರೈಲನ್ನು ಕಂಪನಿಯವರು ಅದೇ ಅಚ್ಚಿನಲ್ಲಿ ಮತ್ತೆ ಸಾವಿರಾರು ತೆಗೆಯಬಹುದು.

ಆಟದ ರೈಲಿಗೆ ದೊಡ್ಡ ಬೆಲೆ ಬಂದದ್ದೇ ಇಲ್ಲವೇ? ಬಂದಿದೆ. ಇಂಗ್ಲೆಂಡಿನ ಹಾರ್ನ್‌ಬಿ 1920ರಿಂದ ಆಟದ ರೈಲು ಮಾಡುತ್ತಿದೆ. ಜರ್ಮನಿಯ ಮಾರ್ಕ್ಲಿನ್ ಅದಕ್ಕಿಂತ ಹಳೆಯದು. ಅವರ ಹಳೆಯ ತಗಡಿನ ಎಂಜಿನ್‌ಗಳಲ್ಲಿ ಕೆಲವಕ್ಕೆ ಹರಾಜಿನಲ್ಲಿ ಒಳ್ಳೆಯ ಹಣ ಸಿಗುತ್ತದೆ. ಯಾಕೆ ಅಂದರೆ ಆಗಿನ ಮಕ್ಕಳು ಅವುಗಳೊಂದಿಗೆ ಆಡಿ ಮುರಿದರು, ಉಳಿದದ್ದು ಸ್ವಲ್ಪವೇ. ಪೆಟ್ಟಿಗೆ ಸಮೇತ ಉಳಿದದ್ದು ಇನ್ನೂ ಕಡಿಮೆ.

ಈ ಸಂಗತಿ ಗೊತ್ತಾದ ಮೇಲೆ ಜನ ಜಾಣರಾದರು. ಕಂಪನಿಗಳು 'ಸ್ಪೆಷಲ್ ಎಡಿಷನ್' ಅಂತ ಎಂಜಿನ್ ಮಾರಿದವು, ಕೊಂಡವರು ಬಿಚ್ಚದೆ ಇಟ್ಟರು. ಎಲ್ಲರೂ ಜೋಪಾನ ಮಾಡಿದ ವಸ್ತು ಅಪರೂಪದ್ದು ಹೇಗಾದೀತು? ಇನ್ನೊಂದು ಮಾತು. ಇಂಥದ್ದನ್ನು ಹೆಚ್ಚಾಗಿ ಕೊಳ್ಳುವವರು ಚಿಕ್ಕಂದಿನಲ್ಲಿ ಅದನ್ನು ಕಂಡು ಆಸೆಪಟ್ಟವರು. ಅವರಿಗೆ ವಯಸ್ಸಾದ ಹಾಗೆ ಕೊಳ್ಳುವವರು ಕಡಿಮೆಯಾಗುತ್ತಾರೆ, ಅವರ ಮನೆಗಳಲ್ಲಿದ್ದ ಮಾಲು ಮಾತ್ರ ಮಾರಾಟಕ್ಕೆ ಬರುತ್ತದೆ.

ಮುಟ್ಟದೆ ಇಟ್ಟರೆ ಕೆಡುವುದಿಲ್ಲ ಅನ್ನುವುದೂ ತಪ್ಪು. ಒಳಗೆ ಬಿಟ್ಟ ಸೆಲ್ ಸೋರಿ ಮೋಟಾರಿನ ಸಂಪರ್ಕವನ್ನು ತಿನ್ನುತ್ತದೆ. ಓಡಿಸದ ಎಂಜಿನ್ನಿನಲ್ಲಿ ಎಣ್ಣೆ ಗಟ್ಟಿಯಾಗಿ ಗಾಲಿ ಹಿಡಿದುಕೊಳ್ಳುತ್ತದೆ. ಬಿಸಿಲು ಬಿದ್ದರೆ ಬಣ್ಣ ಹೋಗುತ್ತದೆ. ಹಳೆಯ ಎಂಜಿನ್‌ಗಳಲ್ಲಿ ಶುದ್ಧವಲ್ಲದ ಸತುವಿನಲ್ಲಿ ಎರಕ ಹೊಯ್ದವು ಇಟ್ಟಲ್ಲೇ ಬಿರುಕು ಬಿಟ್ಟು ಪುಡಿಯಾಗಿವೆ.

ಬೆಲೆ ಅಂದರೆ ಏನು ಅನ್ನುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರಿಗೆಲ್ಲ ಗೊತ್ತು. ಹಳ್ಳಿಕಾರ್ ಜೋಡಿಯ ಕೊಂಬು, ಮೈಕಟ್ಟು, ನಡಿಗೆ ನೋಡಿ ಎಷ್ಟು ಬೇಕಾದರೂ ಹೊಗಳಬಹುದು. ಟವೆಲ್ ಕೆಳಗೆ ಇನ್ನೊಂದು ಕೈ ಬಂದು ಬೆರಳು ಹಿಡಿದಾಗಲೇ ಅದು ಬೆಲೆ. ಫೋನಿನ ವಿಡಿಯೊದಲ್ಲಿ ಹೇಳುವ ಲಕ್ಷಕ್ಕೆ ಆ ಇನ್ನೊಂದು ಕೈ ಇಲ್ಲ.

ಇದ್ದರೂ ಅದು ನಿಮ್ಮ ಜೇಬಿನೊಳಗೆ ಇರುತ್ತದೆ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟು, ಹಳೇ ನಾಣ್ಯ, ಈಗ ಹಳೇ ಆಟಿಕೆ, ಎಲ್ಲದಕ್ಕೂ ಒಂದೇ ದಾರಿ. ಫೋಟೊ ಕಳಿಸಿ ಅನ್ನುತ್ತಾರೆ. ಲಕ್ಷ ಕೊಡುತ್ತೇವೆ ಅನ್ನುತ್ತಾರೆ. ಆಮೇಲೆ ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಅಂತ ನಿಮ್ಮಿಂದಲೇ ಹಣ ಹಾಕಿಸಿಕೊಳ್ಳುತ್ತಾರೆ. ತನ್ನ ಹೆಸರು, ಲಾಂಛನ ಬಳಸಿ ಹೀಗೆ ಹಳೇ ನೋಟು ನಾಣ್ಯದ ವ್ಯವಹಾರಕ್ಕೆ ಹಣ ಕೇಳುವವರನ್ನು ನಂಬಬೇಡಿ, ತಾನು ಇಂಥ ವ್ಯವಹಾರ ಮಾಡುವುದಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು. ನಿಮ್ಮ ವಸ್ತು ಕೊಳ್ಳುವವರು ನಿಮಗೆ ಹಣ ಕೊಡಬೇಕು, ನೀವು ಅವರಿಗಲ್ಲ. ಈಗಾಗಲೇ ಹಣ ಹಾಕಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ.

ಹಾಗಾದರೆ ಏನನ್ನೂ ಕೂಡಿಡಬಾರದೇ? ಇಡಿ. ನೋಡಲು ಚೆಂದ ಅನ್ನಿಸಿದ್ದನ್ನು, ಮನೆಯ ನೆನಪು ಅಂಟಿದ್ದನ್ನು ಇಡಿ. ನಾಳೆ ಅದಕ್ಕೆ ಒಂದು ರೂಪಾಯಿ ಬರದಿದ್ದರೂ ನಷ್ಟ ಅನ್ನಿಸಬಾರದು, ಅಂಥದ್ದನ್ನು ಇಡಿ. ಬೆಲೆ ಬಂದರೆ ಅದು ಮೇಲಿನ ಕೊಸರು.

ಯಲಹಂಕದಿಂದ ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರ, ಕೋಲಾರದ ಕಡೆಗೆ ಒಂದು ಕಾಲಕ್ಕೆ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಸಣ್ಣ ರೈಲು ಓಡುತ್ತಿತ್ತು. ಆ ಹಳಿ ಹೋಗಿ ದೊಡ್ಡ ಹಳಿ ಬಂತು. ದೊಡ್ಡಜಾಲ, ದೇವನಹಳ್ಳಿ, ನಂದಿ ಹಾಲ್ಟ್‌ನಲ್ಲಿ ಹಳೆಯ ನಿಲ್ದಾಣದ ಕಟ್ಟಡಗಳು ಈಗಲೂ ನಿಂತಿವೆ. ಆ ರೈಲಿನಲ್ಲಿ ಓಡಾಡಿದವರು ನಮ್ಮೂರುಗಳಲ್ಲಿ ಇನ್ನೂ ಇದ್ದಾರೆ. ಅವರ ಪೆಟ್ಟಿಗೆಯಲ್ಲಿ ಒಂದು ಹಳೇ ರಟ್ಟಿನ ಟಿಕೆಟ್ ಸಿಕ್ಕರೆ ಅದರ ಜೊತೆ ಒಂದು ಚೀಟಿ ಬರೆದಿಡಿ: ಯಾರು, ಎಲ್ಲಿಂದ ಎಲ್ಲಿಗೆ, ಯಾಕೆ ಹೋಗಿದ್ದರು. ಆ ಟಿಕೆಟ್ಟಿಗೆ ಮನೆಯೊಳಗೆ ಬೆಲೆ ಬರುವುದು ಆ ಚೀಟಿಯಿಂದ.

ನಾವು ಮಾತಾಡಿಸಿದ ತಾತನೂ ಆ ಸಣ್ಣ ರೈಲು ಹತ್ತಿದವರೇ. ಮೊಮ್ಮಗನಿಗೆ ಅದನ್ನು ಹೇಳಿದ್ದೀರಾ ಅಂತ ಕೇಳಿದೆವು. ಇಲ್ಲವಂತೆ. ತಾತ, ಆ ಪೆಟ್ಟಿಗೆ ಬಿಚ್ಚಿ. ಹೊಸ ಸೆಲ್ ಹಾಕಿ ಹುಡುಗನ ಜೊತೆ ನೆಲದ ಮೇಲೆ ಹಳಿ ಜೋಡಿಸಿ, ಕಥೆ ಹೇಳುತ್ತಾ ಓಡಿಸಿ. ಆಟ ಮುಗಿದ ಮೇಲೆ ಸೆಲ್ ತೆಗೆದಿಡಿ, ಅಷ್ಟೇ. ಹುಡುಗನಿಗೆ ಎಂಟು ವರ್ಷ. ರೈಲಿಗೆ ಬೆಲೆ ಬರಲಿ ಅಂತ ಕಾದರೆ ಅವನ ವಯಸ್ಸು ಕಾಯುವುದಿಲ್ಲ.