ದೂರು ಕೊಡಲು ರೈಲು ಹತ್ತಬೇಕಿಲ್ಲ

ಗುರುಗ್ರಾಮದ ಸಂಸ್ಥೆಗಳಲ್ಲಿ ಆನ್‌ಲೈನ್ ಕೋರ್ಸ್ ಸೇರುವ ನಮ್ಮ ಹುಡುಗರಿಗೆ ಕಳೆದ ವಾರದ ಲೇಖನವೊಂದು ಬುದ್ಧಿ ಹೇಳಿದೆ: ಮೋಸವಾದರೆ ಹರಿಯಾಣಕ್ಕೇ ಅಲೆಯಬೇಕು, ಆದ್ದರಿಂದ ಹಣ ಹೋಯಿತೆಂದು ಸುಮ್ಮನಿರುವುದೇ ಜಾಣತನ! ಮೋಸ ಮಾಡುವ ಸಂಸ್ಥೆಗೆ ಬೇಕಾಗಿರುವುದೂ ಈ ಜಾಣತನವೇ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ಕುಂದುಕೊರತೆ ನಿಯಮಗಳನ್ನು ಲೇಖಕರು ಓದಿದಂತಿಲ್ಲ. ಪ್ರತಿ ವಿಶ್ವವಿದ್ಯಾಲಯವೂ ದೂರು ಸ್ವೀಕರಿಸುವ ಆನ್‌ಲೈನ್ ಪೋರ್ಟಲ್ ಇಟ್ಟಿರಬೇಕು. ವಿದ್ಯಾರ್ಥಿ ಕುಂದುಕೊರತೆ ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಅವರಿಗೆ 30 ದಿನಗಳ ಗಡುವು. ಶುಲ್ಕ ಮರಳಿಸದಿರುವುದು, ಮೂಲ ಅಂಕಪಟ್ಟಿ ಹಿಡಿದಿಟ್ಟುಕೊಳ್ಳುವುದು ಎರಡೂ ಈ ನಿಯಮದ ವ್ಯಾಪ್ತಿಯಲ್ಲಿವೆ. ಯುಜಿಸಿಯ ಇ-ಸಮಾಧಾನ್ ಪೋರ್ಟಲ್ ಕೂಡ ಇದೆ. ಹಾವೇರಿಯಲ್ಲಿ ಕೂತು ಬರೆದರೂ ಸಾಕು.

ಇನ್ನು ಕೋಚಿಂಗ್ ಅಥವಾ ಎಡ್‌ಟೆಕ್ ಕಂಪನಿ. ಅವು ವಿಶ್ವವಿದ್ಯಾಲಯಗಳಲ್ಲ, ಯುಜಿಸಿ ಅವನ್ನು ಮುಟ್ಟುವುದಿಲ್ಲ. ಇಲ್ಲಿ ಗ್ರಾಹಕ ಆಯೋಗವೇ ದಾರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಕಟ್ಟಿದ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಅಂದರೆ ಅಲೆಯಬೇಕಾದದ್ದು ಗುರುಗ್ರಾಮದ ಕಂಪನಿ! (ವಿಶ್ವವಿದ್ಯಾಲಯಗಳು ಗ್ರಾಹಕ ಕಾಯ್ದೆಗೆ ಒಳಪಡುತ್ತವೆಯೇ ಎಂಬ ಬಗ್ಗೆ ತೀರ್ಪುಗಳು ಒಂದೇ ಬಗೆಯಲ್ಲಿಲ್ಲ, ಅಲ್ಲಿ ಯುಜಿಸಿ ಹಾದಿಯೇ ಮೇಲು.)

ಸಮಿತಿಗಳು ತಡ ಮಾಡುತ್ತವೆ ಎಂಬ ಲೇಖಕರ ಮಾತು ನಿಜ. ಆದರೆ ದೂರೇ ಕೊಡದವರಿಗೆ ಯಾವ ಗಡುವೂ ಓಡುವುದಿಲ್ಲ. ಹಾಗಾಗಿ ವಿದ್ಯಾರ್ಥಿಗಳೇ, ಸಂಸ್ಥೆಯ ‘ಕೌನ್ಸೆಲರ್’ಗೆ ಫೋನ್ ಮಾಡುವುದನ್ನು ಬಿಡಿ. ರಸೀದಿ, ಚಾಟ್, ಜಾಹೀರಾತುಗಳನ್ನು ಉಳಿಸಿಕೊಂಡು ಇವತ್ತೇ ಲಿಖಿತ ದೂರು ಸಲ್ಲಿಸಿ.